ವೂರ್ಟ್ಸ್‌ಬುರ್ಗಿನಲ್ಲಿ ಸೋತ ಮಸೂರ

ಜರ್ಮನಿಯ ವೂರ್ಟ್ಸ್‌ಬುರ್ಗಿಗೆ ಬಂದವರು ಅರಮನೆಯಲ್ಲಿ ಟಿಯೆಪೊಲೊ ಬರೆದ ಛಾವಣಿಯ ಚಿತ್ರವನ್ನು ನೋಡಿ, ಮೈನ್ ನದಿಯ ಸೇತುವೆಯ ಮೇಲೆ ಅಡ್ಡಾಡಿ ಹಿಂದಿರುಗುವುದೇ ಹೆಚ್ಚು. ರೈಲುನಿಲ್ದಾಣಕ್ಕೆ ಸಮೀಪದಲ್ಲಿರುವ ರೋಂಟ್ಗೆನ್ ರಸ್ತೆಯ ಎಂಟನೆಯ ನಂಬರಿನ ಕಟ್ಟಡವನ್ನು ಮಾತ್ರ ಬಿಡಬಾರದು. 1895ರ ನವೆಂಬರ್ 8ರಂದು ರೋಂಟ್ಗೆನ್ನರು ಕ್ಷ-ಕಿರಣಗಳನ್ನು ಕಂಡುದು ಇಲ್ಲಿಯೇ. ಆ ಪ್ರಯೋಗಶಾಲೆ ಈಗ ಸ್ಮಾರಕವಾಗಿದೆ.

ಅವರ ಪತ್ನಿಯ ಕೈಮೂಳೆಗಳ ಚಿತ್ರವನ್ನು ಅರಿಯದವರು ವಿರಳ. ನನ್ನ ಮನಸ್ಸನ್ನು ಸೆಳೆದುದು ಅವರ ಸೋಲು. ಗಾಜಿನ ಮಸೂರವನ್ನು ಹಿಡಿದು ನೋಡಿದರು, ಗಟ್ಟಿ ರಬ್ಬರಿನದನ್ನೂ ಹಿಡಿದರು, ಕಿರಣಗಳು ಜಗ್ಗಲಿಲ್ಲ. ಮಸೂರದಿಂದ ಇವನ್ನು ಒಂದೆಡೆ ಕೂಡಿಸಲಾಗದೆಂದು ಮುಚ್ಚುಮರೆಯಿಲ್ಲದೆ ಬರೆದಿಟ್ಟರು.

ಮುಂದೆ ದಾರಿ ತೋರಿದುದೂ ಗಾಜೇ! ನಯವಾದ ಗಾಜಿಗೆ ಈ ಕಿರಣವು ತೀರ ಓರೆಯಾಗಿ, ಡಿಗ್ರಿಯ ಕಾಲುಭಾಗಕ್ಕೂ ಕಡಿಮೆ ಕೋನದಲ್ಲಿ ತಾಗಿದರೆ, ಹುಡುಗರು ಕೆರೆಯ ಮೇಲೆ ಎಸೆದ ಹೆಂಚಿನ ಚೂರಿನಂತೆ ಒಳಹೊಗದೆ ಮುಂದಕ್ಕೆ ಚಿಮ್ಮುತ್ತದೆ. 1980ರ ದಶಕದಲ್ಲಿ ಮಾಸ್ಕೋದ ಕುಮಾಖೋವರೂ ಸಂಗಡಿಗರೂ ಸಾವಿರಾರು ಸೂಕ್ಷ್ಮ ಗಾಜಿನ ಕೊಳವೆಗಳನ್ನು ಸೇರಿಸಿ, ಅವೆಲ್ಲವೂ ಒಂದೇ ಬಿಂದುವಿನತ್ತ ಬಾಗುವಂತೆ ಮಾಡಿದರು. ಕೊಳವೆಯೊಳಗೆ ಚಿಮ್ಮುತ್ತ ಸಾಗಿದ ಕಿರಣಗಳು ಮಿಲಿಮೀಟರಿನ ನೂರರಲ್ಲಿ ಕೆಲವು ಪಾಲಿನಷ್ಟು ಚುಕ್ಕೆಯಲ್ಲಿ ಕೂಡುತ್ತವೆ. ಅವು ತಾಗಿದ ಪ್ರತಿಯೊಂದು ಮೂಲವಸ್ತುವೂ ತನ್ನದೇ ಗುರುತಿನ ಕ್ಷ-ಕಿರಣವನ್ನು ಮರಳಿ ಸೂಸುತ್ತದೆ. ಹಳೆಯ ವರ್ಣಚಿತ್ರದ ಎಳ್ಳಿನಷ್ಟು ಬಣ್ಣದಲ್ಲಿ ಸೀಸವಿದೆಯೋ ತಾಮ್ರವಿದೆಯೋ ಎಂಬುದನ್ನು, ಒಂದು ಗೀರೂ ಬೀಳದಂತೆ, ಇಂದು ಹೀಗೆ ಅರಿಯುತ್ತಾರೆ.