ತೂಬು ಮತ್ತು ಕೋಡಿ

ದ್ರವಬಲವಿಜ್ಞಾನವೆಂಬ ಹೆಸರನ್ನು ಕೇಳಿದೊಡನೆಯೇ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಂಜುವುದನ್ನು ನಾನು ಕಂಡಿದ್ದೇನೆ. ಕನ್ನಡದಲ್ಲಿ ಓದಿದ ನಮ್ಮ ಗಡಿನಾಡಿನ ಹುಡುಗರಿಗಂತೂ ಅದು ಇಂಗ್ಲಿಷ್ ಬಲ್ಲವರ ಸೊತ್ತೆಂಬ ಭಾವನೆ. ಆದರೆ ಆ ಶಾಸ್ತ್ರದ ಎರಡು ಮುಖ್ಯ ಪಾಠಗಳು ನಮ್ಮ ಸೀಮೆಯ ಕೆರೆಗಳಲ್ಲಿಯೇ ಇವೆ; ಒಂದರ ಹೆಸರು ತೂಬು, ಮತ್ತೊಂದರ ಹೆಸರು ಕೋಡಿ.

ಒಮ್ಮೆ ಎಂಟನೆಯ ತರಗತಿಯ ಬಾಲಕನೊಬ್ಬನು, "ಸಾರ್, ನೀರು ಬಿಡುವುದಕ್ಕೆ ತೂಬು ಇರುವಾಗ ಕೋಡಿ ಏತಕ್ಕೆ?" ಎಂದು ನನ್ನನ್ನು ಕೇಳಿದನು. ಪ್ರಶ್ನೆ ಸಣ್ಣದಲ್ಲ. ಇಟಲಿಯ ಟಾರಿಚೆಲ್ಲಿಯು 1644ರಲ್ಲಿ ಪ್ರಕಟಿಸಿದ ನಿಯಮದಂತೆ, ರಂಧ್ರದಿಂದ ಹೊರಬೀಳುವ ನೀರಿನ ವೇಗವು ಅದರ ಮೇಲೆ ನಿಂತ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ತೂಬಿನ ಮೇಲೆ 1 ಮೀಟರು ನೀರಿದ್ದಾಗ ವೇಗವು ಸೆಕೆಂಡಿಗೆ 4.43 ಮೀಟರು, 4 ಮೀಟರು ನೀರಿದ್ದಾಗ 8.86 ಮೀಟರು. ನೀರು ನಾಲ್ಮಡಿಯಾದರೂ ಹರಿವು ಇಮ್ಮಡಿ ಮಾತ್ರ. ಏಕೆಂದರೆ ತೂಬಿನ ಕಣ್ಣು ದೊಡ್ಡದಾಗಲಿಲ್ಲ. ಬೆಳೆಗೆ ಅಳತೆಯಾಗಿ ನೀರುಣಿಸಲು ಈ ಗುಣವೇ ಬೇಕು.

ಕೋಡಿಯ ಸ್ವಭಾವವೇ ಬೇರೆ. ಅಲ್ಲಿ ನೀರು ಏರಿದಂತೆಲ್ಲ ವೇಗದೊಡನೆ ಹರಿಯುವ ದಾರಿಯೂ ಹಿರಿದಾಗುತ್ತದೆ. ಕೋಡಿಯ ಮೇಲಣ ನೀರು ನಾಲ್ಮಡಿಯಾದರೆ ದಾರಿ ನಾಲ್ಮಡಿ, ವೇಗ ಇಮ್ಮಡಿ. ಆದ್ದರಿಂದ ಹರಿವು ಸುಮಾರು ಎಂಟು ಮಡಿ. ಹುಚ್ಚುಮಳೆಯ ರಾತ್ರಿ ಏರಿಯನ್ನು ಕಾಯುವುದು ಈ ಲೆಕ್ಕವೇ. ಕೋಡಿಯನ್ನು ಮುಚ್ಚಿ ಮನೆ ಕಟ್ಟಿದ ಊರು ಒಂದಲ್ಲ ಒಂದು ದಿನ ಅದಕ್ಕೆ ದಂಡ ತೆರಬೇಕಾಗುತ್ತದೆ.

ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ, ನಮ್ಮ ಬಾಗಲೂರಿನ ಸೀಮೆಯಲ್ಲಿ ಹರಿದು ಕೆಲವರಪಳ್ಳಿ ಜಲಾಶಯವನ್ನು ಸೇರುವ ದಕ್ಷಿಣ ಪಿನಾಕಿನಿಗೂ ಇದೇ ನಿಯಮ. ಅದೇ ನಂದಿಯ ತಪ್ಪಲಿನ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು, ನೀರು ಏರಿದಾಗ ತಾವೇ ತೆರೆದು ಇಳಿದಾಗ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಕಲ್ಪಿಸಿದರು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದ ಕೋಡಿಗೆ ಅವನ್ನು ಅಳವಡಿಸಲಾಯಿತು. ಅಣೆಕಟ್ಟನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ನಿಲ್ಲಿಸಲು ಅದರಿಂದ ಸಾಧ್ಯವಾಯಿತು. ಹಳ್ಳಿಯ ಹುಡುಗನು ಕೇಳಿದ ಪ್ರಶ್ನೆಯೂ ಆ ಮಹನೀಯರು ಬಿಡಿಸಿದ ಪ್ರಶ್ನೆಯೂ ಒಂದೇ ಜಾತಿಯವು.

ಅಧ್ಯಾಪಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಸೂತ್ರವನ್ನು ಹಲಗೆಯ ಮೇಲೆ ಬರೆಯುವ ಮುನ್ನ ಮಕ್ಕಳನ್ನು ಕೆರೆಯ ಬಳಿಗೆ ಕರೆದೊಯ್ಯಿರಿ. ಇಂಗ್ಲಿಷ್ ಹೆಸರುಗಳನ್ನು ಅವರು ನಾಳೆ ಕಾಲೇಜಿನಲ್ಲಿ ಕಲಿತುಕೊಳ್ಳಲಿ. ವಿಷಯವನ್ನು ತಾಯ್ನುಡಿಯಲ್ಲಿ ಬಲ್ಲೆನೆಂಬ ಧೈರ್ಯವು ಇಂದೇ ಅವರಿಗೆ ದೊರೆಯಲಿ.