ಕಣದ ಮೇಟಿ

ನಾನು ಹುಡುಗನಾಗಿದ್ದ ಕಾಲದಲ್ಲಿ ಆಲೂರಿನ ಸುತ್ತಣ ಹಳ್ಳಿಗಳಲ್ಲಿ ಸುಗ್ಗಿಯೆಂದರೆ ಕಣ, ಕಣವೆಂದರೆ ಮೇಟಿ. ನೆಲವನ್ನು ಸಾರಿಸಿ ಬಳಿದು, ನಡುವೆ ಒಂದು ಕಂಬವನ್ನು ಆಳವಾಗಿ ನೆಟ್ಟು, ಅದಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ, ಹರಡಿದ ಬತ್ತದ ಮೇಲೆ ಬೆಳುದಿಂಗಳಿನಲ್ಲಿ ಸುತ್ತಿಸುತ್ತಿದ್ದರು. ಹುಡುಗರಾದ ನಮ್ಮ ಕಣ್ಣು ಎತ್ತುಗಳ ಮೇಲೆ. ಮೇಟಿಯನ್ನು ನೋಡುವವರು ಯಾರು? ಅದು ನಡೆಯುವುದಿಲ್ಲ, ತುಳಿಯುವುದಿಲ್ಲ, ಸುಮ್ಮನೆ ನಿಂತಿರುವುದು. ಒಂದು ಇರುಳು ನಮ್ಮ ಕಣದ ಮೇಟಿಯು ಬುಡ ಸಡಿಲವಾಗಿ ವಾಲಿತು. ಕ್ಷಣಮಾತ್ರದಲ್ಲಿ ಎತ್ತುಗಳು ಒಂದನ್ನೊಂದು ತಳ್ಳಿ, ಹಗ್ಗಗಳು ತೊಡರಿ, ಕಾಳು ಕಣದಾಚೆಗೆಲ್ಲ ಚೆಲ್ಲಿತು. ನಾನು ಎತ್ತಿಗೆ ಹೊಡೆಯಲು ಕೋಲೆತ್ತಿದೆನು. ತಂದೆಯವರು ನನ್ನ ಕೈ ಹಿಡಿದು, “ಅದರ ತಪ್ಪಲ್ಲ ಮಗು, ನಡುವಿನದು ಸಡಿಲವಾಯಿತು” ಎಂದರು.

ಕ್ರೈಸ್ತನ ಬಾಳು ದೇವರನ್ನು ನಡುವಿಟ್ಟುಕೊಂಡು ಸುತ್ತಬೇಕಾದ ಬಾಳೆಂಬುದನ್ನು ನಾನು ಆ ವಯಸ್ಸಿನಲ್ಲಿಯೇ ದೇವಾಲಯದ ಪಾಠದಲ್ಲಿ ಕಲಿತಿದ್ದೆನು. ಕಲಿತುದನ್ನು ಮರೆಯಲೂ ಇಲ್ಲ. ಆದರೆ ಮರೆಯದಿರುವುದು ಬೇರೆ, ಬಾಳುವುದು ಬೇರೆ ಎಂಬುದನ್ನು ತಿಳಿಯಲು ಅರವತ್ತು ವರ್ಷಗಳು ಬೇಕಾದವು. ಅದನ್ನು ತಿಳಿದ ಬಗೆಯನ್ನು ವಾಚಕರ ಮುಂದೆ ಇಡುವುದಷ್ಟೇ ಈ ಬರಹದ ಉದ್ದೇಶ. ಉಪದೇಶಮಾಡುವ ಯೋಗ್ಯತೆ ನನಗಿಲ್ಲವೆಂಬುದು ಓದುತ್ತ ಹೋದಂತೆ ತಾನಾಗಿ ತಿಳಿಯುವುದು.

ನಾನು ಮೂವತ್ತು ವರ್ಷಕ್ಕೆ ಮಿಕ್ಕು ಕನ್ನಡ ಪಾಠ ಹೇಳಿದವನು. ನಮ್ಮ ಭಾಷೆಯಲ್ಲಿ ಒಂದು ಸೊಗಸುಂಟು: ‘ನಾನು’ ಎಂಬ ಮಾತನ್ನು ಬಿಟ್ಟರೂ ವಾಕ್ಯ ಪೂರ್ಣವಾಗುವುದು. ‘ಕೊಟ್ಟೆನು’, ‘ಸಹಿಸಿದೆನು’, ‘ಕ್ಷಮಿಸಿದೆನು’ ಎಂದರೆ ಸಾಕು. ವಿನಯವುಳ್ಳವನು ದಿನವೆಲ್ಲ ‘ನಾನು’ ಎನ್ನದೆಯೇ ಮಾತನಾಡಬಲ್ಲನು. ಆದರೆ ವ್ಯಾಕರಣವನ್ನು ಬಲ್ಲವರು ಮೋಸಹೋಗಲಾರರು. ಮುಂಬಾಗಿಲಿನಿಂದ ಹೊರಟುಹೋದ ‘ನಾನು’ ಕ್ರಿಯಾಪದದ ತುದಿಯಲ್ಲಿ ‘ಎನು’ ಎಂಬ ರೂಪದಿಂದ ಹಿತ್ತಿಲಲ್ಲಿ ಕುಳಿತೇ ಇರುವುದು. ‘ನಾನು’ ಹೋದರೆ ಮೋಕ್ಷಕ್ಕೆ ಹೋಗಬಹುದೆಂದು ಕನಕದಾಸರು ಗುರುಗಳ ಸಭೆಯಲ್ಲಿ ಉತ್ತರಕೊಟ್ಟ ಕಥೆಯನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದೆನೋ! ಮಕ್ಕಳು ಬೆರಗಾಗಿ ಕೇಳುವಾಗಲೆಲ್ಲ, ಕಥೆಯನ್ನು ಅಷ್ಟು ಚೆನ್ನಾಗಿ ಹೇಳಿದ ನನ್ನ ವಿಷಯದಲ್ಲಿ ನನಗೇ ಹೆಮ್ಮೆಯಾಗುತ್ತಿತ್ತು.

ಇನ್ನು ನನ್ನ ಕಥೆ. ತಂದೆಯವರು ಕಾಲವಾದಮೇಲೆ ನಾನೂ ನನ್ನ ತಮ್ಮನೂ ಪಾಲಾದೆವು. ಕಾಫಿಯ ತೋಟದಲ್ಲಿ ತಕರಾರು ಬರಲಿಲ್ಲ. ಕಣಿವೆಯ ತಳದ ಗದ್ದೆಯಲ್ಲಿ ಮಾತ್ರ ಒಂದು ಬದುವಿನ ವಿಷಯ ಎದ್ದಿತು. ಮೇಲಿನ ಗದ್ದೆ ನನ್ನದು, ಕೆಳಗಿನದು ಅವನದು. ಒಂದು ಮಳೆಗಾಲ ಕಳೆದಮೇಲೆ, ನಾನು ಬದುವನ್ನು ಎರಡು ಮೊಳ ಕೆಳಕ್ಕೆ ತಳ್ಳಿಸಿದೆನೆಂದು ಅವನು ಊರಿನ ನಾಲ್ವರ ಎದುರಿನಲ್ಲಿ ಆಡಿದನು. ನಾನು ತಳ್ಳಿಸಿರಲಿಲ್ಲ. ಮೋಜಣಿಯಾಯಿತು, ಬದು ಇದ್ದ ಸ್ಥಳದಲ್ಲಿಯೇ ಇದೆಯೆಂದು ನಕ್ಷೆ ಕೈಗೆ ಬಂದಿತು. ನ್ಯಾಯ ನನ್ನ ಕಡೆಯಲ್ಲಿಯೇ ಇತ್ತು. ಅದೇ ನನ್ನ ರೋಗಕ್ಕೆ ಮೂಲವಾಯಿತು.

ತಪ್ಪುಮಾಡಿದವನಿಗೆ ಎಂದಾದರೊಂದು ದಿನ ನಾಚಿಕೆಯಾಗಬಹುದು; ಸರಿಯಾಗಿದ್ದವನಿಗೆ ಆ ಭಾಗ್ಯವಿಲ್ಲ. ನಾನು ಆ ನಕ್ಷೆಯನ್ನು ನಾಲ್ಕಾಗಿ ಮಡಿಸಿ, ದಿನವೂ ತೆರೆಯುವ ಬೈಬಲಿನ ನಡುವೆ ಇಟ್ಟೆನು. ಕಳೆದುಹೋಗದಿರಲೆಂದು ಇಟ್ಟೆನೆಂದು ಮನಸ್ಸಿಗೆ ಹೇಳಿಕೊಂಡೆನು. ಪ್ರತಿ ರಾತ್ರಿ ತಮ್ಮನಿಗಾಗಿ ಪ್ರಾರ್ಥಿಸುತ್ತಲೂ ಇದ್ದೆನು: ದೇವರು ಅವನಿಗೆ ಒಳ್ಳೆಯ ಬುದ್ಧಿ ಕೊಡಲಿ, ಅವನು ಬಂದು ಕ್ಷಮೆ ಕೇಳಲಿ, ನಾನು ಕ್ಷಮಿಸಲು ಸಿದ್ಧನಾಗಿರುವೆನು, ಎಂದು. ಭಾನುವಾರದ ಪೂಜೆಯಲ್ಲಿ ಮೊದಲ ಸಾಲಿನಲ್ಲಿ ಕುಳಿತು, ಎದ್ದುಹೋಗಿ ವಾಚನವನ್ನು ಓದಿ ಬರುತ್ತಿದ್ದವನೂ ನಾನೇ. ತಮ್ಮನು ಮೊದಲು ಹಿಂದಿನ ಸಾಲಿಗೆ ಸರಿದನು. ಆಮೇಲೆ ಹಬ್ಬಗಳಿಗೆ ಮಾತ್ರ ಬಂದನು. ಕೊನೆಗೆ ಬರುವುದನ್ನೇ ಬಿಟ್ಟನು. ಅವನ ಭಕ್ತಿ ಅಷ್ಟರದೇ ಎಂದುಕೊಂಡೆನು. ಹೀಗೆ ಏಳು ವರ್ಷಗಳು ಕಳೆದವು.

ನಮ್ಮ ತಾಯಿಯವರ ತವರು ಶೆಟ್ಟಿಹಳ್ಳಿ. ಹೇಮಾವತಿಯ ದಡದ ಆ ಊರಿನಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ದೇವಾಲಯವನ್ನು ಈಗ ನಾಡೆಲ್ಲ ಬಲ್ಲುದು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದು ನೀರು ಹಿಂದಕ್ಕೆ ಹರಡಿದಾಗ ಹಲವು ಊರುಗಳು ಮುಳುಗಿದವು; ಜನರು ಎತ್ತರದ ನೆಲಗಳಿಗೆ ಎದ್ದುಹೋದರು. ದೇವಾಲಯ ಮಾತ್ರ ಇದ್ದಲ್ಲಿಯೇ ಉಳಿಯಿತು. ಮಳೆಗಾಲದಲ್ಲಿ ನೀರು ಅದರ ಕಮಾನುಗಳವರೆಗೆ ಏರುವುದು, ಬೇಸಗೆಯಲ್ಲಿ ಇಳಿಯುವುದು. ಮಾಡು ಇಲ್ಲ; ಗೋಡೆಗಳೂ ಬೀಳುತ್ತಿವೆ. ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಬೆರೆಸಿದ ಗಾರೆಯಾದುದರಿಂದ ಇಷ್ಟು ಕಾಲ ನಿಂತಿದೆಯೆಂದು ಜನರು ಹೇಳುವರು. ಅಜ್ಜನ ಮನೆಗೆ ಹಬ್ಬಕ್ಕೆ ಹೋದಾಗ ಆ ದೇವಾಲಯದ ತಣ್ಣನೆಯ ನೆಲದಲ್ಲಿ ತಾಯಿಯ ಮಡಿಲಿಗೆ ಒರಗಿ ನಿದ್ದೆಹೋದುದು ನನಗೆ ನೆನಪಿದೆ.

ಮೂರು ವರ್ಷಗಳ ಹಿಂದೆ, ಕಾಫಿ ಹೂವಾಗಿ ಉದುರಿದ ಮೇಲೆ, ತಾಯಿಯವರು ಒಂದು ಸಲ ತವರನ್ನು ನೋಡಬೇಕೆಂದರು. ವಯಸ್ಸು ಎಂಬತ್ತೈದನ್ನು ದಾಟಿತ್ತು. ಬಾಡಿಗೆಯ ಕಾರಿನಲ್ಲಿ ಕರೆದುಕೊಂಡು ಹೋದೆನು. ನೀರು ಬಹಳ ಹಿಂದೆ ಸರಿದಿತ್ತು. ಪಟಗಳನ್ನು ತೆಗೆದುಕೊಳ್ಳಲು ಬಂದ ಹುಡುಗ ಹುಡುಗಿಯರ ನಡುವೆ ತಾಯಿಯವರು ನನ್ನ ತೋಳು ಹಿಡಿದು ಒಳಗೆ ಹೋಗಿ, ಪೀಠವಿದ್ದ ಸ್ಥಳದ ಎದುರಿನಲ್ಲಿ ಶಿಲುಬೆಯ ಗುರುತು ಹಾಕಿಕೊಂಡು, ಸ್ವಲ್ಪ ಹೊತ್ತು ನಿಂತರು. ಹೊರಗೆ ಬಂದಮೇಲೆ ನಾನು ಕೇಳಿದೆನು: “ಅಮ್ಮ, ಅಜ್ಜನ ಗದ್ದೆ ಯಾವ ಕಡೆ ಇತ್ತು?”

ಅವರು ಕಣ್ಣಿಗೆ ಕೈ ಅಡ್ಡಹಿಡಿದು ಬಹಳ ಹೊತ್ತು ನೋಡಿದರು. ಎಲ್ಲಿ ನೋಡಿದರೂ ಒಡೆದ ಮೆಕ್ಕಲುಮಣ್ಣು, ಅದರ ಮೇಲೆ ಎಳೆಯ ಹುಲ್ಲು, ಮೇಯುವ ದನಗಳು. “ಹೇಗೆ ಹೇಳಲಪ್ಪ? ಬದುವೆಲ್ಲ ಕರಗಿಹೋಗಿದೆ” ಎಂದರು. ತುಸು ತಡೆದು, “ನಿಮ್ಮಜ್ಜ ಊರು ಬಿಡುವ ದಿನ ಮನೆಯನ್ನೆಲ್ಲ ಗುಡಿಸಿ ಹೊರಟರಂತೆ. ಮುಳುಗುವ ಮನೆಯನ್ನು ಏಕೆ ಗುಡಿಸುತ್ತೀಯೆ ಎಂದು ನಿಮ್ಮಜ್ಜಿ ಕೇಳಿದರೆ, ಕೊಟ್ಟವನಿಗೆ ಹಿಂದಕ್ಕೆ ಕೊಡುವಾಗ ಚೊಕ್ಕಟವಾಗಿ ಕೊಡಬೇಕಲ್ಲವೇ ಅಂದರಂತೆ” ಎಂದರು. ಕಾರಿನ ಬಳಿಗೆ ಬರುವಾಗ ಮತ್ತೊಂದು ಮಾತನ್ನೂ ಸೇರಿಸಿದರು: “ಅವನನ್ನೂ ಕರೆದುಕೊಂಡು ಬರಬೇಕಾಗಿತ್ತು.” ಆ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆಕ್ಷೇಪಿಸಿದ್ದರೆ ನನ್ನಲ್ಲಿ ಉತ್ತರವಿತ್ತು, ನಕ್ಷೆಯಿತ್ತು.

ಆ ದಿನಗಳಲ್ಲಿ ನಾನು ಅಬ್ಬೆ ದುಬಾಯ್ ಅವರ ಚರಿತ್ರೆಯನ್ನು ಓದುತ್ತಿದ್ದೆನು. 1792ರಲ್ಲಿ ಫ್ರಾನ್ಸಿನಿಂದ ಬಂದ ಈ ಪಾದ್ರಿಯು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರು ಸೀಮೆಯ ಚದರಿಹೋದ ಕ್ರೈಸ್ತರನ್ನು ಒಟ್ಟುಗೂಡಿಸಲು ನಿಂತರು. ಈ ನಾಡಿನ ಉಡುಗೆಯನ್ನು ಉಟ್ಟು, ಇಲ್ಲಿಯ ಊಟವನ್ನು ಉಂಡು ಬಾಳಿದರು. ಜನರು ಅವರನ್ನು ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದರು. ಬಡ ಕ್ರೈಸ್ತರಿಗೆ ಬೇಸಾಯದ ನೆಲೆಗಳನ್ನು ಏರ್ಪಡಿಸಿದರು. ಸಿಡುಬಿಗೆ ದೇವಿ ಹಾಕುವ ಪದ್ಧತಿ ಹೊಸದಾಗಿ ಬಂದಾಗ ಅದನ್ನು ಹಳ್ಳಿಗಳಿಗೆ ಕೊಂಡೊಯ್ದರು. 1803–04ರಲ್ಲಿ ಇಪ್ಪತ್ತೈದು ಸಾವಿರಕ್ಕೆ ಮೇಲ್ಪಟ್ಟ ಜನರಿಗೆ ಅದು ಸಂದಿತು. ಹಿಂದೂ ಆಚಾರವ್ಯವಹಾರಗಳನ್ನು ಕುರಿತ ಅವರ ದೊಡ್ಡ ಗ್ರಂಥದಲ್ಲಿ ನಮ್ಮ ಜನರನ್ನು ಕುರಿತು ಕಟುವಾದ, ಒಪ್ಪಲಾಗದ ಮಾತುಗಳು ಬೇಕಾದಷ್ಟಿವೆ; ಅದನ್ನು ಮುಚ್ಚಿಡಬೇಕಾದುದಿಲ್ಲ. ಆದರೆ ನನ್ನನ್ನು ತಡೆದು ನಿಲ್ಲಿಸಿದುದು ಬೇರೊಂದು ಸಂಗತಿ. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಅದೇ ವರ್ಷ, ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಅವರ ಪತ್ರಗಳು ಅಚ್ಚಾದವು. ಅವುಗಳಲ್ಲಿ, ಇಷ್ಟು ವರ್ಷಗಳ ದುಡಿಮೆಯಲ್ಲಿ ತಾನು ಮತಕ್ಕೆ ಸೇರಿಸಿದವರು ಇನ್ನೂರು ಮುನ್ನೂರು ಜನರು ಮಾತ್ರವೆಂದೂ, ಅವರಲ್ಲಿಯೂ ನಿಜವಾಗಿ ನಿಂತವರು ವಿರಳವೆಂದೂ ಅವರೇ ಬರೆದಿರುವರು. ಆ ಬರಹವನ್ನು ಖಂಡಿಸಿ ಮರುವರ್ಷವೇ ಪುಸ್ತಕ ಹೊರಟಿತು.

ಅವರ ತೀರ್ಮಾನ ಸರಿಯೋ ತಪ್ಪೋ, ಅದು ನನ್ನ ಪ್ರಶ್ನೆಯಲ್ಲ. ತನ್ನ ಬಾಳಿನ ಲೆಕ್ಕವನ್ನು ತಾನೇ ಬರೆಯುವಾಗ, ಮೊತ್ತದ ಸ್ಥಳದಲ್ಲಿ ಸೋಲನ್ನು ಕಾಣಿಸಿ ಎಲ್ಲರೂ ಓದುವಂತೆ ಅಚ್ಚುಹಾಕಿಸಲು ಮನುಷ್ಯನಿಗೆ ಎಲ್ಲಿಂದ ಧೈರ್ಯ ಬರುವುದು? ದುಡಿಮೆ ತನ್ನದೆಂದು ಎಣಿಸಿದವನು ಹಾಗೆ ಬರೆಯಲಾರನು. ಯಜಮಾನನು ಬೇರೆ ಇರುವನೆಂದು ತಿಳಿದ ಆಳು ಬರೆಯಬಲ್ಲನು. ಬಂದುದಿಷ್ಟು, ಹೋದುದಿಷ್ಟು ಎಂದು ಒಪ್ಪಿಸಿ ಕೈತೊಳೆಯಬಲ್ಲನು. ಮುಳುಗುವ ಮನೆಯನ್ನು ಗುಡಿಸಿದ ನಮ್ಮಜ್ಜನೂ ಈ ಜಾತಿಯ ಆಳೇ ಎಂದು ತೋರಿತು. ನನ್ನ ಲೆಕ್ಕದಲ್ಲಿಯಾದರೋ, ಏಳು ವರ್ಷವೂ ಗೆಲವೇ ಮೊತ್ತ.

ಆ ರಾತ್ರಿ ಬೈಬಲನ್ನು ತೆರೆದಾಗ ನಕ್ಷೆ ಕಣ್ಣಿಗೆ ಬಿದ್ದಿತು. ಸ್ವಾಮಿ ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಎಂದಿನಂತೆ ಹೇಳಲು ತೊಡಗಿದೆನು. ಸಾವಿರಾರು ಸಲ ಹೇಳಿದ ಆ ಪ್ರಾರ್ಥನೆಯಲ್ಲಿ ‘ನನ್ನ’ ಎಂಬ ಮಾತು ಒಂದೆಡೆಯೂ ಇಲ್ಲವೆಂಬುದು, ಕನ್ನಡ ಪಂಡಿತನಾದ ನನಗೆ, ಅಂದು ಮೊದಲಬಾರಿಗೆ ಹೊಳೆಯಿತು. ಮೊದಲು ದೇವರ ಹೆಸರು, ದೇವರ ರಾಜ್ಯ, ದೇವರ ಚಿತ್ತ, ಅನ್ನದ ಮಾತು ಆಮೇಲೆ, ಅಲ್ಲಿಯೂ ‘ನಮ್ಮ’. ಆ ‘ನಮ್ಮ’ ಎಂಬುದರೊಳಗೆ ಮೊದಲು ಸೇರಬೇಕಾದವನು ಒಂದೇ ತಾಯಿಯ ಹಾಲು ಕುಡಿದವನಲ್ಲವೇ? ಅವನನ್ನು ಹೊರಗಿಟ್ಟು ನಾನು ಯಾರನ್ನು ‘ನಮ್ಮ ತಂದೆ’ ಎಂದು ಕರೆಯುತ್ತಿದ್ದೆನು? ಬಲಿಪೀಠಕ್ಕೆ ಕಾಣಿಕೆ ತಂದಾಗ ಸೋದರನಿಗೆ ನಮ್ಮ ಮೇಲೆ ಮನಸ್ತಾಪವಿದ್ದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಬೇಕೆಂಬ ಆಜ್ಞೆಯಲ್ಲಿ, ತಪ್ಪು ಯಾರದೆಂದು ಮೋಜಣಿಮಾಡಿಸಿ ಆಮೇಲೆ ಹೋಗೆಂದು ಹೇಳಿಲ್ಲ. ದೇವರ ಸೇವೆಯೆಂದು ನಾನು ಸುತ್ತುತ್ತಿದ್ದುದು ನಿಜ; ನಡುವೆ ನೆಟ್ಟ ಕಂಬ ಮಾತ್ರ ನಾನೇ ಆಗಿದ್ದೆನು.

ಮಾರನೆಯ ದಿನ ಬೆಳಗ್ಗೆ ತಮ್ಮನ ಮನೆಗೆ ಹೊರಟೆನು. ಹೋಗುವ ದಾರಿ ಅರ್ಧ ಮೈಲಿ. ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸುತ್ತ ನಡೆದೆನು. ಮಾತುಗಳು ಬಹು ಸುಂದರವಾಗಿ ಕೂಡಿಬಂದವು. ನ್ಯಾಯ ತನ್ನ ಕಡೆಯಿದ್ದರೂ ತಾನೇ ಮೊದಲು ಬಗ್ಗಿದ ಅಣ್ಣನ ಚಿತ್ರವು ಕಣ್ಣ ಮುಂದೆ ಬಂದು, ಅದನ್ನು ಕಂಡು ನನ್ನ ಕಣ್ಣು ನೆನೆಯಿತು! ಹಳ್ಳದ ಸಂಕದ ಮೇಲೆ ನಿಂತುಬಿಟ್ಟೆನು. ಇಲ್ಲಿಯೂ ಅದೇ ‘ಎನು’! ಹಿಂದಿರುಗಿ ಹೋಗೋಣವೆನಿಸಿತು. ಆದರೆ ಮನಸ್ಸು ಶುದ್ಧವಾದಮೇಲೆ ಹೋಗುವೆನೆಂದರೆ ಹೆಣವಾದಮೇಲೆಯೇ ಹೋಗಬೇಕಾದೀತು. ಇದ್ದಂತೆಯೇ ಹೋದೆನು.

ತಮ್ಮನು ಮನೆಯಲ್ಲಿರಲಿಲ್ಲ. ಹಿಂದಿನ ರಾತ್ರಿ ಆನೆಗಳು ನುಗ್ಗಿ ತೋಟದ ಬೇಲಿ ಕೆಡವಿದ್ದವು. ಅವನೊಬ್ಬನೇ ಗೂಟಗಳನ್ನು ನೆಡುತ್ತಿದ್ದನು. ನನ್ನನ್ನು ಕಂಡು ಕೈ ನಿಲ್ಲಿಸಿದನು. ನಾನು ಬಾಯಿ ತೆರೆದೆನು. ದಾರಿಯಲ್ಲಿ ಜೋಡಿಸಿದುದರಲ್ಲಿ ಒಂದು ಮಾತೂ ಹೊರಡಲಿಲ್ಲ. ಆಗ ಅವನು ಹಾರೆಯಿಂದ ಗುಂಡಿಯನ್ನು ತೋರಿಸಿ, “ಅಣ್ಣ, ಆ ಗೂಟ ಸ್ವಲ್ಪ ನೆಟ್ಟಗೆ ಹಿಡಿ” ಎಂದನು. ಹಿಡಿದೆನು. ಮಧ್ಯಾಹ್ನದವರೆಗೆ ಗೂಟ ಹಿಡಿಯುವುದೂ ಮಣ್ಣು ತುಳಿಯುವುದೂ ಆಯಿತು. ತಮ್ಮನ ಹೆಂಡತಿ ಕಾಫಿ ತಂದುಕೊಟ್ಟು, ಮಾತಾಡದೆ ಒಳಗೆ ಹೋದಳು. ಹೊರಡುವಾಗ, “ನಾಲ್ವರ ಮುಂದೆ ನಕ್ಷೆ ಓದಿಸಿದ್ದು ತಪ್ಪಾಯಿತು” ಎಂದಷ್ಟು ಹೇಳಿದೆನು. ಅವನು ಉತ್ತರಕೊಡಲಿಲ್ಲ. ಬೇಲಿಯ ಕೊನೆಯವರೆಗೆ ನನ್ನ ಜೊತೆಯಲ್ಲಿ ಬಂದನು.

ಕಥೆ ಇಲ್ಲಿಗೆ ಮುಗಿದು, ಮುಂದಿನ ಭಾನುವಾರ ತಮ್ಮನು ದೇವಾಲಯಕ್ಕೆ ಬಂದನೆಂದು ಬರೆಯಲು ನನಗೂ ಇಷ್ಟವೇ. ಅವನು ಬರಲಿಲ್ಲ, ಈ ಮೂರು ವರ್ಷಗಳಲ್ಲಿ ಎರಡು ಸಲ ಮಾತ್ರ ಬಂದಿರುವನು. ಅದರಲ್ಲಿ ಒಂದು, ಹೋದ ವರ್ಷ ತಾಯಿಯವರ ಅಂತ್ಯಕ್ರಿಯೆಯ ಪೂಜೆ. ಅಂದು ಹೆಗಲು ಕೊಡುವಾಗ ನಾವಿಬ್ಬರೂ ಮುಂದಿನ ಎರಡು ತುದಿಗಳಲ್ಲಿದ್ದೆವು. ಏಳು ವರ್ಷ ಕಟ್ಟಿದ ಗೋಡೆಯನ್ನು ಒಂದು ಬೆಳಗಿನಲ್ಲಿ ಕೆಡವಬಲ್ಲೆನೆಂಬುದೂ ಒಂದು ಬಗೆಯ ಗರ್ವವೇ. ಅವನು ಯಾವಾಗ ಬರಬೇಕೆಂಬುದನ್ನು ಗೊತ್ತುಮಾಡುವುದು ನನ್ನ ಕೆಲಸವಲ್ಲವೆಂದು ಈಗ ತಿಳಿದಿದೆ. ಆದುದರಿಂದ ಪ್ರಾರ್ಥನೆಯಲ್ಲಿ ಅವನ ಹೆಸರನ್ನು ಹೇಳಿ ಸುಮ್ಮನಾಗುವೆನು. ವಾಚನವನ್ನು ಈಗ ಕಿರಿಯರು ಓದುತ್ತಾರೆ. ನಾನು ಹಿಂದಿನ ಸಾಲಿನಲ್ಲಿ, ಮೊದಲು ಅವನು ಕುಳಿತುಕೊಳ್ಳುತ್ತಿದ್ದ ಕಂಬದ ಬಳಿ ಕುಳಿತುಕೊಳ್ಳುವೆನು. ಅಲ್ಲಿಂದ ಪೀಠ ಚೆನ್ನಾಗಿ ಕಾಣುವುದು. ಮೊದಲ ಸಾಲಿನಲ್ಲಿದ್ದಾಗ ನನ್ನ ಬೆನ್ನನ್ನು ಯಾರು ನೋಡುತ್ತಿರುವರೆಂಬ ಯೋಚನೆಯೇ ಹೆಚ್ಚಾಗಿತ್ತು.

ನಕ್ಷೆಯನ್ನು ನಾನು ಹರಿದುಹಾಕಲಿಲ್ಲ. ಹರಿಯುವುದು ಸುಲಭ, ಹರಿದೆನೆಂದು ಹೇಳಿಕೊಳ್ಳುವುದು ಅದಕ್ಕಿಂತ ಸುಲಭ. ಗದ್ದೆ ಇರುವವರೆಗೆ ನಕ್ಷೆಯೂ ಬೇಕು. ದೇವರನ್ನು ನಡುವಿಟ್ಟುಕೊಂಡವನಿಗೆ ಬದು ಇರಬಾರದೆಂದೇನೂ ಇಲ್ಲ. ಅದನ್ನು ಬೈಬಲಿನಿಂದ ತೆಗೆದು, ಪಹಣಿ ಕಂದಾಯದ ರಸೀತಿಗಳಿರುವ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿರುವೆನು. ಅದರ ಸ್ಥಳ ಅದು. ಬೈಬಲಿನಲ್ಲಿ ಅದು ಮಡಿಸಿಕೊಂಡಿದ್ದ ಎಡೆಯಲ್ಲಿ ಪುಟಗಳು ಇನ್ನೂ ತುಸು ಅಗಲವಾಗಿಯೇ ತೆರೆದುಕೊಳ್ಳುವವು.