ಮುಂದಿನ ವರ್ಷದ ಎಡಮೂಲೆ

ಮನುಷ್ಯನಿಗೆ ವಯಸ್ಸಾಯಿತೆಂಬುದಕ್ಕೆ ನರೆಗೂದಲೇ ಸಾಕ್ಷಿಯಾಗಬೇಕೆಂದೇನೂ ಇಲ್ಲ. ತನಗೆ ಯಾವ ಸಂಬಂಧವೂ ಇಲ್ಲದ ಒಂದು ತಂಡದ ಮುಂದಿನ ವರ್ಷದ ಚಿಂತೆಯನ್ನು ಅವನು ಈ ವರ್ಷವೇ ಹಚ್ಚಿಕೊಂಡು ಕುಳಿತನೆಂದರೆ ಸಾಕು, ಅವನಿಗೆ ವಯಸ್ಸಾಗಿದೆಯೆಂದು ಧಾರಾಳವಾಗಿ ತಿಳಿಯಬಹುದು. ನನಗೆ ಈ ರೋಗ ತಗುಲಿ ಹತ್ತು ವರ್ಷಗಳಾದವು. ಅಂದರೆ, ನೌಕರಿಯಿಂದ ನಿವೃತ್ತನಾಗಿ ನಾನು ಮುನವಳ್ಳಿಗೆ ಮರಳಿದ ದಿನದಿಂದ.

ಸಂಜೆ ಐದರ ಸುಮಾರಿಗೆ ಚಹಾ ಕುಡಿದು, ಪಂಚಲಿಂಗೇಶ್ವರನಿಗೆ ಕೈಮುಗಿದು, ಊರ ಹೊರಗಿನ ಬಯಲಿಗೆ ಹೋಗುವುದು ನನ್ನ ನಿತ್ಯಕರ್ಮ. ಅಲ್ಲಿ ನನ್ನಂಥವರೇ ಮೂವರು ಇರುತ್ತಾರೆ. ಬಸ್ಸು ಹತ್ತಿ ಕಾಲೇಜಿಗೆ ಹೋಗಿಬರುವ ಊರ ಹುಡುಗರು ಆ ಹೊತ್ತಿಗೆ ಅಂಗಿ ಕಳಚಿ ಕಬಡ್ಡಿಯ ತಾಲೀಮಿಗೆ ಇಳಿಯುತ್ತಾರೆ. ಕಾಲೇಜಿನ ಹೆಸರು ಬೇಡ. ಹೆಸರು ಹೇಳಿದರೆ ಅದರ ತಂಡದ ಮೇಲೆ ನಾವು ನಾಲ್ವರು ಹೊರಿಸುವ ಆರೋಪಗಳಿಗೆ ಉತ್ತರ ಹೇಳುವ ಸಂಕಟ ಅದಕ್ಕೆ ಬಂದೀತು. ಹುಡುಗರು ಬೆವರು ಸುರಿಸುತ್ತಾರೆ, ನಾವು ತೀರ್ಪು ಕೊಡುತ್ತೇವೆ. ಹೀಗೆ ಕೆಲಸ ಸಮನಾಗಿ ಹಂಚಿಹೋಗಿದೆ.

ಈ ಸಲ ನಮ್ಮ ತೀರ್ಪು ತುಸು ಕಠಿಣವಾಗಿಯೇ ಇದೆ. ಏಳು ಜನರಲ್ಲಿ ಮೂವರ ಕೊನೆಯ ವರ್ಷ ಮುಗಿಯಿತು. ಹೋದವರಲ್ಲಿ ಇಬ್ಬರು ರೇಡರುಗಳು. ಒಬ್ಬ ಉದ್ದಕಾಲಿನವ, ನಿಂತಲ್ಲಿಂದಲೇ ಮುಟ್ಟಿ ಬರುವವ. ಇನ್ನೊಬ್ಬ ಗಿಡ್ಡ, ಹಿಡಿದರೂ ಮೀನಿನಂತೆ ಜಾರುವವ. ಮೂರನೆಯವ ಎಡ ಕವರ್. ಅವನು ಈಗ ಬೆಂಗಳೂರಿನಲ್ಲಿ ಮೋಟರ್ ಸೈಕಲ್ಲಿನ ಮೇಲೆ ಮನೆಮನೆಗೆ ಊಟದ ಪೊಟ್ಟಣ ಮುಟ್ಟಿಸುತ್ತಿದ್ದಾನಂತೆ. ಉಳಿದವರಲ್ಲಿ ನಂಬಬಹುದಾದವನೆಂದರೆ ಎಡಮೂಲೆಯ ಹುಡುಗನೊಬ್ಬನೇ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಂಥ ಚಿಂತೆ ನಮ್ಮ ಬಯಲಿಗಷ್ಟೇ ಮೀಸಲಲ್ಲವೆಂದು ನನಗೆ ತಿಳಿದದ್ದು ಅಮೆರಿಕೆಯಲ್ಲಿರುವ ನನ್ನ ಅಣ್ಣನ ಮಗನಿಂದ. ಒಂದು ರಾತ್ರಿ ಅವನು ಫೋನಿನಲ್ಲಿ ಬಹಳ ಸಪ್ಪೆಯಾಗಿ ಮಾತಾಡಿದ. ಮನೆಯಲ್ಲಿ ಯಾರಿಗಾದರೂ ಆರಾಮಿಲ್ಲವೇನೋ ಎಂದು ನಾನು ಗಾಬರಿಯಾದೆ.

“ಹಂಗೇನಿಲ್ರಿ ಕಾಕಾ. ಮುಂದಿನ ವರ್ಷ ನಮ್ಮ ಕಾಲೇಜಿನ ಫುಟ್‌ಬಾಲ್ ಟೀಮಿನ ಹಣೆಬರಹ ನೆಟ್ಟಗಿಲ್ಲ ನೋಡ್ರಿ. ಚೆಂಡು ಹಿಡಿಯಾವರು ಮೂರೂ ಮಂದಿ ಹೋದರು. ಮುಂದ ಸಾಲಿನ್ಯಾಗ ನಿಂದ್ರೋ ಐದು ಮಂದಿಯೊಳಗ ಇಬ್ಬರಷ್ಟ ಉಳದಾರ.”

“ಫುಟ್‌ಬಾಲಿನ್ಯಾಗ ಚೆಂಡು ಕೈಲೆ ಯಾಕ ಹಿಡೀತಾರೋ?”

“ಇಲ್ಲಿ ಫುಟ್‌ಬಾಲ್ ಅಂದ್ರ ಹಂಗ ರೀ ಕಾಕಾ.”

ಮುಂದೆ ಅರ್ಧ ತಾಸು ಅವನು ನನಗೆ ಆ ಆಟದ ಪಾಠ ಹೇಳಿದ. ಒಂದೊಂದು ಕಡೆಗೆ ಹನ್ನೊಂದು ಜನ. ಚೆಂಡು ಎಸೆಯುವವನ ಮುಂದೆ ಐವರ ಸಾಲು: ನಡುವೆ ಸೆಂಟರ್, ಅವನ ಎರಡೂ ಮಗ್ಗುಲಿಗೆ ಗಾರ್ಡ್, ಅವರ ಆಚೆಗೆ ಟ್ಯಾಕಲ್. ಎಸೆದ ಚೆಂಡನ್ನು ಹಿಡಿಯುವ ಹಕ್ಕು ಸಾಮಾನ್ಯವಾಗಿ ಈ ಐವರಿಗಿಲ್ಲ. ಎದುರಾಳಿಗಳು ಮೈಮೇಲೆ ಬೀಳುವಾಗ ಗೋಡೆಯಂತೆ ನಿಲ್ಲುವುದಷ್ಟೇ ಇವರ ಕೆಲಸ. ಬಲಗೈಯವನು ಚೆಂಡು ಎಸೆಯಲು ತಿರುಗಿದಾಗ ಅವನ ಎಡಮಗ್ಗುಲು ಅವನ ಬೆನ್ನಿಗೆ ಬೀಳುತ್ತದೆ. ಅಲ್ಲಿಂದ ಬರುವ ಪೆಟ್ಟು ಅವನಿಗೆ ಕಾಣುವುದಿಲ್ಲ. ಆ ಕಾಣದ ಮಗ್ಗುಲನ್ನು ಕಾಯುವವನು ಎಡ ಟ್ಯಾಕಲ್. ದೂರ ಓಡಿ ಚೆಂಡು ಹಿಡಿದವನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ಎಡಮಗ್ಗುಲು ಕಾದವನು, ಕಾಯುವುದರಲ್ಲಿ ತಪ್ಪಿದ ದಿನ ಮಾತ್ರ ಜನರ ಬಾಯಿಗೆ ಬೀಳುತ್ತಾನೆ. ಸಾಲದ್ದಕ್ಕೆ, ೨೦೧೮ರಿಂದ ಅಲ್ಲಿ ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಬರೆಸುವುದಕ್ಕೆಂದೇ ಒಂದು ಪಟ್ಟಿಯ ವ್ಯವಸ್ಥೆಯಾಗಿದೆಯಂತೆ. ಒಳ್ಳೆಯ ಹುಡುಗ ವರ್ಷ ಮುಗಿಯುವುದರೊಳಗೆ ಬೇರೆ ಊರಿನ ಪಾಲಾಗಬಹುದು.

ನಾನು ನಕ್ಕೆ. “ಮಗಾ, ನೀ ಹೇಳಿದ್ದು ನಮ್ಮ ಎಡಮೂಲಿ ಕಥಿ.”

ಕಬಡ್ಡಿಯನ್ನು ಬಾಲ್ಯದ ಹುತುತುವಿನ ನೆನಪಿನಿಂದಷ್ಟೇ ಬಲ್ಲ ವಾಚಕರಿಗಾಗಿ ಒಂದೆರಡು ಮಾತು. ಗಂಡಸರ ಅಂಕಣ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ರೇಡರನಿಗೆ ಒಂದು ದಾಳಿಗೆ ಮೂವತ್ತು ಸೆಕೆಂಡು. ಎದುರಿಗೆ ಏಳು ಜನ ಕಮಾನಿನಂತೆ ನಿಲ್ಲುತ್ತಾರೆ. ಕಮಾನಿನ ಎರಡು ತುದಿಗಳೇ ಮೂಲೆಗಳು. ಮೂಲೆಯವನು ಪಕ್ಕದವನ ಕೈ ಹಿಡಿದಿರುತ್ತಾನೆ. ಇದಕ್ಕೆ ಸರಪಳಿ ಎನ್ನುತ್ತಾರೆ. ರೇಡರ್ ಮರಳಲು ಮೈ ತಿರುಗಿಸುವ ಆ ಒಂದು ಗಳಿಗೆಗೆ ಮೂಲೆಯವನು ಕಾಯಬೇಕು. ತಿರುಗಿದೊಡನೆ ಹಿಮ್ಮಡಿಗೆ ಕೈ ಹಾಕಬೇಕು, ಅಷ್ಟರಲ್ಲಿ ಪಕ್ಕದವನು ಮೇಲೆ ಬೀಳಬೇಕು. ತಿರುಗುವ ಮೊದಲೇ ಹಾರಿದರೆ ಕೆಲಸ ಕೆಟ್ಟಿತು. ಮೂಲೆಯ ಆಟವೆಂದರೆ ಮುಕ್ಕಾಲು ಪಾಲು ಕಾಯುವ ಆಟ. ಕಾಯುವುದನ್ನು ನೋಡಲು ಯಾರೂ ಟಿಕೀಟು ಕೊಳ್ಳುವುದಿಲ್ಲ.

ಹಾಗೆಂದು ಮೂಲೆಯನ್ನು ಹಗುರಾಗಿ ಎಣಿಸಿದವರು ಪಟ್ಟ ಪಾಡನ್ನು ನಮ್ಮ ದೇಶವೇ ಕಂಡಿದೆ. ಏಷ್ಯನ್ ಕ್ರೀಡಾಕೂಟಕ್ಕೆ ಕಬಡ್ಡಿ ಸೇರಿದ ೧೯೯೦ರಿಂದ ೨೦೧೪ರವರೆಗೆ ನಡೆದ ಏಳು ಕೂಟಗಳಲ್ಲಿ ಪುರುಷರ ಚಿನ್ನವೆಲ್ಲ ಭಾರತದ್ದೇ. ೨೦೧೮ರಲ್ಲಿ ಜಕಾರ್ತಾದ ಉಪಾಂತ್ಯ ಪಂದ್ಯದಲ್ಲಿ ಇರಾನ್ ನಮ್ಮವರನ್ನು ೨೭–೧೮ರಿಂದ ಸೋಲಿಸಿತು. ರೇಡರುಗಳು ನಮ್ಮಲ್ಲಿ ಕಡಿಮೆಯಿದ್ದರೆ? ಇಲ್ಲ. ಹೋದವರನ್ನು ಇರಾನಿನ ಮೂಲೆಗಳು ಬರಗೊಡಲಿಲ್ಲ. ಕಳೆದುಕೊಂಡ ಚಿನ್ನ ಮರಳಿ ಬಂದದ್ದು ೨೦೨೩ರಲ್ಲಿ, ಹಾಂಗ್‌ಝೌದಲ್ಲಿ.

ಇನ್ನು ಆ ಹುಡುಗನ ವಿಷಯ.

ಮಾರ್ಚ್ ತಿಂಗಳ ಒಂದು ಸಂಜೆ ತಾಲೀಮು ಮುಗಿದ ಮೇಲೆ ಅವನು ನನ್ನ ಹತ್ತಿರ ಬಂದು ಕುಳಿತ. ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತ, ನೆಲ ನೋಡುತ್ತ ಹೇಳಿದ:

“ಸರ, ಕೋಚ್ ನಿಮ್ಮ ಮಾತು ಕೇಳತಾರ. ಮುಂದಿನ ವರ್ಷ ನನ್ನ ರೇಡಿಗೆ ಹಾಕ್ರಿ ಅಂತ ಒಂದು ಮಾತು ಹೇಳ್ರಿ.”

“ಎಡಮೂಲಿ ಯಾರು ಕಾಯಬೇಕೋ ತಮ್ಮಾ?”

“ಯಾರರ ಕಾಯಲಿ ಬಿಡ್ರಿ. ಎರಡು ವರ್ಷ ನಾ ಕಾದೇನಿ. ಮೊಬೈಲಿನ್ಯಾಗ ವಿಡಿಯೋ ಹಾಕ್ತಾರಲ್ರಿ, ಅದರಾಗ ನನ್ನ ಬೆನ್ನಷ್ಟ ಕಾಣತೈತಿ.”

ಆಮೇಲೆ ನಿಜವಾದ ಮಾತು ಹೊರಬಿತ್ತು. ಮನೆಯಲ್ಲಿ ಎರಡು ಎಕರೆ ಹೊಲ, ಮೇಲೆ ಸಾಲ. ಅಪ್ಪ ಇನ್ನೊಂದು ವರ್ಷದ ಗಡುವು ಕೊಟ್ಟಿದ್ದಾನೆ. ಅಷ್ಟರೊಳಗೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಪೊಲೀಸು ನೌಕರಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದೆಂಬ ಆಸೆ. ಇಲ್ಲವಾದರೆ ಕಬ್ಬಿನ ಗ್ಯಾಂಗಿಗೆ. ಆಯ್ಕೆ ಮಾಡುವವರ ಕಣ್ಣು ರೇಡರನ ಮೇಲೆಯೇ ಮೊದಲು ಬೀಳುತ್ತದೆಂದು ಅವನ ಲೆಕ್ಕ. ಲೆಕ್ಕ ಪೂರ್ತಿ ತಪ್ಪೆಂದು ನಾನು ಹೇಗೆ ಹೇಳಲಿ?

ಆದರೂ ಹಿರಿಯನಲ್ಲವೇ, ಉಪದೇಶ ಬಿಟ್ಟರೆ ನಮಗೆ ಬೇರೆ ಆಸ್ತಿ ಏನಿದೆ? ೨೦೨೩ರ ಪ್ರೊ ಕಬಡ್ಡಿ ಹರಾಜಿನಲ್ಲಿ ಇರಾನಿನ ಶಾದ್ಲೂಯಿ ಎಂಬವನಿಗೆ ಪುಣೆಯ ತಂಡದವರು ೨.೩೫ ಕೋಟಿ ರೂಪಾಯಿ ಕೊಟ್ಟರು, ಅವನು ಎಡಮೂಲೆಯವ. ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತು ಮಾಡಿದ ಆ ತಂಡವೇ ೨೦೨೪ರ ಮಾರ್ಚ್ ೧ರಂದು ಹರಿಯಾಣದವರನ್ನು ೨೮–೨೫ರಿಂದ ಸೋಲಿಸಿ ಕಪ್ ಗೆದ್ದಿತು. ಇದನ್ನೆಲ್ಲ ಬಾಯಿಪಾಠ ಒಪ್ಪಿಸಿದಂತೆ ಒಪ್ಪಿಸಿದೆ.

ಹುಡುಗ ಪೂರ್ತಿ ಕೇಳಿ, “ಅಂವ ಇರಾನದಾಂವ್ರಿ ಸರ. ನಾ ಮುನವಳ್ಳ್ಯಾಂವ” ಎಂದ.

ಆಗ ನಾನು ಅವನಿಗೆ ಹೇಳಬಾರದೆಂದು ಇಟ್ಟುಕೊಂಡಿದ್ದ, ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿಯನ್ನು ಹೇಳಿಬಿಟ್ಟೆ.

ಸುಮಾರು ಐವತ್ತು ವರ್ಷಗಳ ಹಿಂದಿನ ಮಾತು. ಧಾರವಾಡದಲ್ಲಿ ನಾನು ಕಾಲೇಜು ಓದುತ್ತಿದ್ದೆ. ನಾನು ಎಡಮೂಲೆ. ನನ್ನ ಕೈ ಹಿಡಿದು ನಿಲ್ಲುತ್ತಿದ್ದವನು ರಾಮದುರ್ಗದ ಒಬ್ಬ ಗೆಳೆಯ. ನನಗಿಂತ ಎಷ್ಟೋ ಪಾಲು ಮೇಲಾದ ಆಟಗಾರ. ಒಂದು ಅಂತರ ಕಾಲೇಜು ಪಂದ್ಯದ ದಿನ ವಿಶ್ವವಿದ್ಯಾಲಯದ ತಂಡ ಆರಿಸುವವರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಕೊನೆಯ ನಿಮಿಷಗಳು. ರೇಡರ್ ನನ್ನ ಮೂಲೆಗೆ ಬಂದ. ಇನ್ನೂ ತಿರುಗಿರಲಿಲ್ಲ. ನಾನು ಕುರ್ಚಿಗಳ ಕಡೆಗೊಮ್ಮೆ ನೋಡಿದೆ. ಇವನನ್ನು ಒಬ್ಬನೇ ಕೆಡವಿದರೆ ಎಂಥ ಶೋಭೆ ಎನ್ನಿಸಿತು. ಗೆಳೆಯನ ಕೈ ಬಿಟ್ಟು ಹಾರಿದೆ. ರೇಡರ್ ನನ್ನನ್ನು ದಾಟಿ ಜಿಗಿದ. ಸರಪಳಿ ಇದೆಯೆಂದೇ ನಂಬಿ ಮುಂದೆ ನುಗ್ಗಿದ ಗೆಳೆಯನ ಮೊಣಕಾಲಿನ ಮೇಲೆ ಅವನ ಪೂರ್ತಿ ಭಾರ ಬಿತ್ತು.

ಅವನು ಮತ್ತೆ ಆಡಲಿಲ್ಲ. ಧೂಳಿನಲ್ಲಿ ಯಾರಿಗೂ ಸರಿಯಾಗಿ ಕಂಡಿರಲಿಲ್ಲ. ಗೆಳೆಯ ಅವಸರ ಮಾಡಿ ಸರಪಳಿ ಮುರಿದನೆಂದು ತಂಡದಲ್ಲಿ ಮಾತಾಯಿತು. ನಾನು ಅಲ್ಲವೆನ್ನಲಿಲ್ಲ. ಆ ವರ್ಷ ವಿಶ್ವವಿದ್ಯಾಲಯದ ತಂಡದಲ್ಲಿ ನನಗೆ ಸ್ಥಳ ದೊರೆಯಿತು. ಆಗ ಕೊಟ್ಟ ಕೋಟು ಇನ್ನೂ ಟ್ರಂಕಿನಲ್ಲಿದೆ. ನನ್ನ ಮಕ್ಕಳು ಮದುವೆಯ ಕಾಲಕ್ಕೆ ಅದನ್ನು ಬೀಗರಿಗೆ ತೋರಿಸಿದ್ದುಂಟು.

ಹುಡುಗ ಬಹಳ ಹೊತ್ತು ಸುಮ್ಮನಿದ್ದ. ನನ್ನ ಕಥೆಯ ನೀತಿ ಅವನಿಗೆ ತಟ್ಟಿತೆಂದು ನಾನು ಒಳಗೊಳಗೆ ಸಮಾಧಾನಪಡುತ್ತಿದ್ದೆ. ಅವನು ಕೇಳಿದ್ದು ಇಷ್ಟು:

“ಆಮ್ಯಾಲ ಅವರಿಗೆ ಹೇಳಿದ್ರೇನ್ರಿ ಸರ?”

ನಾನು ಉತ್ತರ ಕೊಡಲಿಲ್ಲ. ಬಸ್ಸಿನ ಹೊತ್ತಾಯಿತೆಂದು ಯಾವುದೋ ನೆಪ ಹೇಳಿ ಎದ್ದೆ. ನಾನು ಹೋಗಬೇಕಾದ ಬಸ್ಸು ಯಾವುದೂ ಇರಲಿಲ್ಲ.

ಮುಂದಿನ ಆದಿತ್ಯವಾರ ಮಾತ್ರ ಇತ್ತು. ಮುನವಳ್ಳಿಯ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯೇ ಮುಂದೆ ರಾಮದುರ್ಗವನ್ನೂ ಮುಟ್ಟುತ್ತಾಳೆ. ೨೦೧೯ರ ಆಗಸ್ಟಿನಲ್ಲಿ ಪ್ರವಾಹ ಬಂದಾಗ ಅವನ ಕ್ಷೇಮ ವಿಚಾರಿಸಲು ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟವನು ನಾನು. ನೀರು ಪ್ರತಿನಿತ್ಯ ಹೋಗುವ ಊರಿಗೆ ನನಗೆ ಹೋಗಲು ಇಷ್ಟು ವರ್ಷ ಬೇಕಾದವು.

ಗೆಳೆಯ ಕಿರಾಣಿ ಅಂಗಡಿಯಲ್ಲಿ ಒಂದು ಕಾಲು ಚಾಚಿ ಕುಳಿತಿದ್ದ. ಗುರುತು ಹಿಡಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಅದೂ ಇದೂ ಮಾತಾದ ಮೇಲೆ, ಗಿರಾಕಿ ಇಲ್ಲದ ಹೊತ್ತು ನೋಡಿ ಹೇಳಿದೆ: “ಅವತ್ತ ಕೈ ಬಿಟ್ಟಾಂವ ನಾನು.”

ಅವನು ಸಕ್ಕರೆಯ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದ. ಸುತ್ತುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತಿ. ನನ್ನ ಕೈಯೊಳಗಿನ ಕೈ ಹೋಗಿದ್ದು ನನಗ ಗೊತ್ತಾಗಂಗಿಲ್ಲೇನು?” ದಾರ ಹರಿದು ಗಂಟು ಹಾಕಿದ. “ಕಾಲು ಹೋದದ್ದಕ್ಕ ಸಿಟ್ಟಿರಲಿಲ್ಲೋ. ಆಟ ಅಂದಮ್ಯಾಲ ಅದೆಲ್ಲಾ ಇದ್ದದ್ದ. ಮಂದಿ ನನ್ನ ಹೆಸರು ಹೇಳುವಾಗ ನೀ ಸುಮ್ಮನ ನಿಂತಿ ನೋಡು, ಅದು ಮಾತ್ರ ಭಾಳ ದಿನ ಹೋಗಲಿಲ್ಲ.”

ನಾನು ತಲೆ ತಗ್ಗಿಸಿದೆ. ಕ್ಷಮೆ ಕೇಳಿದೆನೋ ಇಲ್ಲವೋ ನೆನಪಿಲ್ಲ; ಕೇಳಿದ್ದರೂ ಅವನು ಅದಕ್ಕೆ ಉತ್ತರ ಹೇಳಲಿಲ್ಲ. ಹುಡುಗನನ್ನು ಕರೆದು ಎರಡು ಚಹಾ ತರಿಸಿದ. ಚಹಾ ಬಂದ ಮೇಲೆ, “ನಿಮ್ಮೂರಾಗ ಈಗ ಎಡಮೂಲಿಗೆ ಯಾರದಾರ?” ಎಂದು ಕೇಳಿದ.

ಮುಂದೆ ಎರಡು ತಾಸು ನಾವು ಮಾತಾಡಿದ್ದು ಮುಂದಿನ ವರ್ಷದ ತಂಡದ ಬಗ್ಗೆ. ಹುಡುಗರು ಮಣ್ಣಿನಲ್ಲಿ ತಾಲೀಮು ಮಾಡಿ ಮ್ಯಾಟಿನ ಮೇಲೆ ಪಂದ್ಯ ಆಡುತ್ತಾರೆಂದು ಹೇಳಿದಾಗ ಅವನ ಮುಖ ಗಂಭೀರವಾಯಿತು. ಮಣ್ಣಿನಲ್ಲಿ ಜಾರುವ ಪಾದ ಮ್ಯಾಟಿನ ಮೇಲೆ ಕಚ್ಚಿಕೊಂಡು ನಿಲ್ಲುತ್ತದೆ. ಮೈ ತಿರುಗಿ ಪಾದ ತಿರುಗದಿದ್ದರೆ ಮೊಣಕಾಲು ಉಳಿಯುವುದಿಲ್ಲವೆಂದ. ಆ ವಿಷಯದಲ್ಲಿ ಅವನಿಗಿಂತ ದೊಡ್ಡ ಪಂಡಿತ ಯಾರಿದ್ದಾರೆ? ಎಡಮೂಲೆಯ ಹುಡುಗನ ಆಸೆಯನ್ನು ಹೇಳಿದೆ. “ಮೂಲಿ ಬಿಡಿಸಬ್ಯಾಡ್ರಿ, ರೇಡೂ ಕೊಡ್ರಿ” ಎಂಬುದು ಅವನ ತೀರ್ಪು. ಶಾದ್ಲೂಯಿ ಮಾಡುವುದೂ ಅದನ್ನೇ: ಮೂಲೆಯನ್ನೂ ಕಾಯುತ್ತಾನೆ, ಹೊತ್ತು ಬಂದರೆ ರೇಡಿಗೂ ಹೋಗುತ್ತಾನೆ.

ಕೋಚ್ ಅವರಿಗೆ ಹಾಗೆಯೇ ಹೇಳಿದ್ದೇನೆ. ನೋಡೋಣ ಎಂದಿದ್ದಾರೆ. ಹುಡುಗನಿಗೂ ಒಂದು ಉತ್ತರ ಬಾಕಿಯಿತ್ತು. “ಹೇಳಿದ್ನೋ ತಮ್ಮಾ” ಎಂದೆ. “ಏನಂದ್ರು?” ಎಂದ. “ಸರಪಳಿ ಹಿಡಿಯೋದು ನೋಡಾಕ ಬರತೇನಿ ಅಂದಾನ” ಎಂದೆ. ಹುಡುಗ ನಕ್ಕ. ಅವನ ಅಪ್ಪನ ಗಡುವು ಮಾತ್ರ ಅಲ್ಲಿಯೇ ಇದೆ.

ಮುಂದಿನ ವರ್ಷ ತಂಡ ಹೇಗಿದ್ದೀತೆಂದು ಯಾರಾದರೂ ಕೇಳಿದರೆ ನಾನು ಭವಿಷ್ಯ ನುಡಿಯಲಾರೆ. ರೇಡರುಗಳಿಬ್ಬರ ಸ್ಥಳ ತುಂಬಿಲ್ಲ. ಕವರಿಗೆ ಬಂದ ಹೊಸ ಹುಡುಗ ಇನ್ನೂ ಹೆದರುತ್ತಾನೆ. ನಿನ್ನೆ ಸಂಜೆ ಅವನು ಎಡಮೂಲೆಯವನ ಕೈ ಹಿಡಿದು ನಿಂತಿದ್ದ. ರೇಡರ್ ಮೂಲೆಗೆ ಬಂದ, ಕಾಲು ಚಾಚಿದ, ಕೆಣಕಿದ. ಬಯಲಿನ ಅಂಚಿನಲ್ಲಿ ಯಾರೋ ಮೊಬೈಲು ಹಿಡಿದು ಚಿತ್ರ ತೆಗೆಯುತ್ತಿದ್ದರು. ಎಡಮೂಲೆಯ ಹುಡುಗ ಕಾದ. ರೇಡರ್ ತಿರುಗಿದ ಮೇಲೆಯೇ ಇಬ್ಬರೂ ಒಟ್ಟಿಗೆ ಎರಗಿದರು. ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡು ರೇಡರ್ ನಡುಗೆರೆ ಮುಟ್ಟಿದ. ಎರಡು ಅಂಕ ಹೋದವು.

ನಮ್ಮ ಕಟ್ಟೆಯ ಮೂವರೂ ಒಂದೇ ಬಾಯಿಂದ “ಛೇ!” ಎಂದರು. ನಾನು ಮಾತ್ರ ಅವರಿಬ್ಬರ ಕೈಗಳನ್ನೇ ನೋಡುತ್ತಿದ್ದೆ. ಮಣ್ಣಿನಲ್ಲಿ ಬಿದ್ದಲ್ಲಿಯೂ ಅವು ಬಿಟ್ಟಿರಲಿಲ್ಲ.